ಮೂರನೆಯ ಬೋರು

ನಮ್ಮ ಹಿರಿಯೂರು ಸೀಮೆಯಲ್ಲಿ ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುವುದಕ್ಕೂ ಮೊದಲು “ನೀರು ಹೆಂಗೈತೆ?” ಎಂದು ಕೇಳುತ್ತಾರೆ. ನಮ್ಮಪ್ಪನೂ ಕೇಳಿದ್ದರು. ಜವನಗೊಂಡನಹಳ್ಳಿಯ ನಮ್ಮ ಮಾವನವರು ತೋಟದ ಬಾವಿ ತೋರಿಸಿದ್ದರು. ಆಗ ಅದರಲ್ಲಿ ನೀರಿತ್ತು. ನಾನು ಹೊಸ್ತಿಲು ತುಳಿದ ನಾಲ್ಕನೆಯ ವರ್ಷಕ್ಕೆ ಬತ್ತಿತು. ಸೊಸೆಯ ಕಾಲ್ಗುಣ ಎಂದು ಯಾರೂ ಅನ್ನಲಿಲ್ಲ. ಊರಿನ ಬಾವಿಗಳೆಲ್ಲ ಬತ್ತಿದ್ದವು, ಅಷ್ಟು ಸೊಸೆಯರನ್ನು ಎಲ್ಲಿಂದ ತರುವುದು!

ಮೊದಲ ಬೋರು ಆರು ವರ್ಷ ನೀರು ಕೊಟ್ಟಿತು. ಎರಡನೆಯದಕ್ಕೆ ನನ್ನ ನಾಲ್ಕು ಬಳೆ ಹೋದವು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರು ಬಂದರು. ಕಾಯಿ ಎದ್ದು ನಿಂತ ಜಾಗದಲ್ಲಿ ರಾತ್ರಿಯಿಡೀ ಯಂತ್ರ ಮೊರೆಯಿತು. ಮೊದಲು ಕೆಂಪು ಮಣ್ಣು, ಆಮೇಲೆ ಗರಸು, ಅಲ್ಲಿಂದಾಚೆಗೆ ಆರುನೂರು ಅಡಿಯವರೆಗೂ ಬರೀ ಬೂದು ಬಣ್ಣದ ಕಲ್ಲಿನ ಪುಡಿ. ನಮ್ಮ ಅತ್ತೆಯವರು ಅದನ್ನು ಡಬ್ಬಕ್ಕೆ ತುಂಬಿಟ್ಟುಕೊಂಡು ಪಾತ್ರೆ ತಿಕ್ಕಿದರು. ತಳ ಹಿಡಿದ ಪಾತ್ರೆಗಳು ಫಳಫಳ! ಅಷ್ಟು ದುಬಾರಿ ಪಾತ್ರೆಪುಡಿಯನ್ನು ಮೈಸೂರಿನ ಮಹಾರಾಣಿಯರೂ ಬಳಸಿರಲಾರರು.

ಮಾವನವರು ಮೂರನೆಯ ಬೋರಿನ ಮಾತೆತ್ತಿದ ದಿನಗಳಲ್ಲಿ ನನ್ನ ಅಣ್ಣನ ಮಗಳು ರಜಕ್ಕೆ ಬಂದಿದ್ದಳು. ಭೂವಿಜ್ಞಾನ ಓದಿದ ಹುಡುಗಿ. ಡಬ್ಬದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, “ಅತ್ತೆ, ನಿಮ್ಮ ಊರುಗಳ ಹೆಸರೆಲ್ಲ ನಮ್ಮ ಪಾಠದಲ್ಲಿವೆ” ಎಂದಳು. ಚಿತ್ರದುರ್ಗದ ಹಳೆಯ ಶಿಲಾಪದರಗಳಿಗೆ ವಾಣಿವಿಲಾಸ, ಇಂಗಳದಾಳು, ಹಿರಿಯೂರು ಎಂದೇ ಹೆಸರಿಟ್ಟಿದ್ದಾರಂತೆ. ಬರಗಾಲದ ಪಟ್ಟಿ ಬಿಟ್ಟು ಬೇರೆಲ್ಲಾದರೂ ನಮ್ಮ ಹೆಸರು ಕಾಣುತ್ತದಲ್ಲ ಎಂದು ಹಿಗ್ಗಾಯಿತು.

ಅವಳೇ ನಮ್ಮನ್ನು ಐಮಂಗಲದ ಕಡೆಯ ಮರಡಿಹಳ್ಳಿಗೆ ಕರೆದೊಯ್ದಳು. ಅಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಉಬ್ಬುಬ್ಬಾದ ಕಲ್ಲುಗಳಿವೆ. ಅವು ಸರ್ಕಾರ ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕುದಿಯುವ ಲಾವಾರಸ ನೀರಿನೊಳಗೆ ಉಕ್ಕಿದರೆ ಮಾತ್ರ ಹೀಗಾಗುತ್ತದೆ. ಮೇಲ್ಮೈ ಥಟ್ಟನೆ ಆರಿ ಸಿಪ್ಪೆ ಕಟ್ಟುತ್ತದೆ, ಒಳಗಿನ ಬಿಸಿರಸ ಸಿಪ್ಪೆ ಒಡೆದು ಪಕ್ಕದಲ್ಲಿ ಇನ್ನೊಂದು ದಿಂಬಾಗುತ್ತದೆ. ಅಂದರೆ ಸುಮಾರು 250 ಕೋಟಿ ವರ್ಷದ ಹಿಂದೆ ಇಲ್ಲಿ ಸಮುದ್ರವಿತ್ತು! ಒಂದು ಕೊಡ ನೀರಿಗೆ ಜಗಳವಾಡುವ ನಮ್ಮ ನೆಲದಲ್ಲಿ! ಮಾವನವರು ಕಲ್ಲನ್ನು ಕೈಯಿಂದ ಸವರಿ, “ಆ ನೀರೆಲ್ಲ ಎಲ್ಲಿಗೆ ಹೋತವ್ವಾ?” ಎಂದು ಕೇಳಿದರು.

ಭೂಮಿಯ ಒಡಲಲ್ಲಿ ಹುಟ್ಟಿದಾಗಿನ ಕಾವು ಇನ್ನೂ ಉಳಿದಿದೆ, ಯುರೇನಿಯಂ, ಥೋರಿಯಂನಂಥ ಧಾತುಗಳು ಒಡೆಯುತ್ತಾ ಅದಕ್ಕೆ ಇನ್ನಷ್ಟು ಕೂಡಿಸುತ್ತವೆ. ಆ ಕಾವಿಗೆ ಒಳಗಿನ ಕಲ್ಲು ಗಟ್ಟಿಯಾಗಿದ್ದೇ ಬಲು ನಿಧಾನವಾಗಿ ಮಗುಚುತ್ತದೆ, ಮೇಲಿನ ಫಲಕಗಳು ಜರುಗುತ್ತವೆ. ಸಮುದ್ರಗಳು ತೆರೆದುಕೊಳ್ಳುವುದೂ ಮುಚ್ಚಿಹೋಗುವುದೂ ಹೀಗೆಯೇ. ನಮ್ಮ ದೇಶವನ್ನು ಹೊತ್ತ ಫಲಕ ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಿದೆ, ನಮ್ಮ ಉಗುರು ಬೆಳೆಯುವುದಕ್ಕಿಂತ ತುಸು ಜೋರಾಗಿ. ಗಟ್ಟಿ ನೆಲವೆಂದು ನಂಬಿದ್ದ ದಖನ್ನಿನಲ್ಲೂ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ನೆಲಸಮವಾದದ್ದು ನಿಮಗೆ ನೆನಪಿರಬಹುದು.

ಆದರೆ ನನಗೆ ಬೇಕಾಗಿದ್ದದ್ದು ಬೋರಿನ ವಿಚಾರ. ಕೊರಳಲ್ಲಿ ಇನ್ನೂ ಅವಲಕ್ಕಿ ಸರ ಉಳಿದಿತ್ತು ನೋಡಿ! ಹುಡುಗಿ ಬಿಡಿಸಿ ಹೇಳಿದಳು. ಇಂಥ ಕಲ್ಲಿಗೆ ನೀರು ಹೀರುವ ಗುಣವಿಲ್ಲ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ. ಆಳ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿಯಾಗುತ್ತವೆ, ವಿರಳವಾಗುತ್ತವೆ. ಸಾವಿರ ಅಡಿ ಕೊರೆದರೆ ನೀರು ಸಿಕ್ಕೇ ಸಿಗುತ್ತದೆಂಬ ಭರವಸೆ ಇಲ್ಲ. ಸಿಕ್ಕರೂ ಬಹಳ ಕಾಲದಿಂದ ಕೂಡಿಟ್ಟ ಗಂಟು ಅದು, ಬೇಗ ಕರಗುತ್ತದೆ.

ಸರ ಕೊಡುವುದಿಲ್ಲ ಎಂದುಬಿಟ್ಟೆ. ನಮ್ಮ ಯಜಮಾನರು ಅತ್ತ ಅಪ್ಪನ ಮುಖ, ಇತ್ತ ನನ್ನ ಮುಖ ನೋಡುತ್ತಾ ಸುಮ್ಮನಿದ್ದರು. ಮಾವನವರು ಮೂರು ತಿಂಗಳು ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳಲಿಲ್ಲ. ಆ ಬೇಸಿಗೆ ಹದಿನೆಂಟು ತೆಂಗಿನ ಮರ ಒಣಗಿದವು. ಅವರು ಕೈಯಾರೆ ನೆಟ್ಟಿದ್ದ ಮರಗಳು. ಒಂದೊಂದು ಸುಳಿ ಬಿದ್ದಾಗಲೂ ನನಗೆ ಅನ್ನ ಇಳಿಯುತ್ತಿರಲಿಲ್ಲ. ಸರ ಮಾರದೆ ಉಳಿದ ಮನೆಯಲ್ಲಿ ಮಗಳ ಕಾಲೇಜಿನ ಫೀಸು ಕಟ್ಟಿದ್ದೂ ನಿಜ.

ಹಳೆಯ ಬಾವಿಯ ಮೇಲ್ಗಡೆ ಇಂಗುಗುಂಡಿ ತೋಡಿಸಿ, ಹೊಲದ ಮಳೆನೀರು ಅತ್ತ ಹರಿಯುವಂತೆ ಬದು ತಿರುಗಿಸಿದೆವು. ಸುಮಾರು ವರ್ಷ ಏನೂ ಆಗಲಿಲ್ಲ. 2022ರಲ್ಲಿ ಮಳೆಯೋ ಮಳೆ. 1907ರಲ್ಲಿ ಕಟ್ಟಿ ಮುಗಿಸಿದ್ದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು ಆ ವರ್ಷವೇ. ಊರಿಗೆ ಊರೇ ನೋಡಲು ಹೋಯಿತು. ಮಾವನವರು ಹೋಗಲಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ನಮ್ಮ ಬಾವಿಗೆ ಇಳಿಬಿಟ್ಟು ಅಳೆದರು. ಒದ್ದೆ ಹಗ್ಗ ಹಿಡಿದುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದು, “ಹನ್ನೆರಡು ಮೊಳ ಐತೆ ಕಣವ್ವಾ” ಎಂದರು. ಬಳೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾಫಿಗೆ ಇಟ್ಟೆ.