ಚೀಟಿ ಹರಿದು ಕೊಟ್ಟ ಮೇಲೆ

ಜಾವಾದಲ್ಲಿ ಕೆಲಸ ಮಾಡೋ ನಮಗೆಲ್ಲ ಒಂದು ಆರಾಮ ಇದೆ. ಮೆಮೊರಿ ಕೇಳಿ ತಗೊಳ್ಳೋದಷ್ಟೇ ನಮ್ಮ ಕೆಲಸ, ವಾಪಸ್ ಪಡೆಯೋದು ಗಾರ್ಬೇಜ್ ಕಲೆಕ್ಟರ್ ಕೆಲಸ. ಸಿ ಭಾಷೆಯವರ ಹಾಗೆ, ಬಿಟ್ಟೆನೋ ಇಲ್ಲವೋ ಅಂತ ಪ್ರತಿ ಸಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಂಟರ್‌ವ್ಯೂಗಳಲ್ಲಿ ಇದನ್ನೇ ಹೇಳಿ ಪಾಸಾದವರು ನಾವು. ಆದರೆ ಆ ಕಲೆಕ್ಟರ್ ಕೇಳೋದು ಒಂದೇ ಪ್ರಶ್ನೆ: ಈ ವಸ್ತುವನ್ನು ಯಾರಾದರೂ ಹಿಡಿದುಕೊಂಡಿದ್ದಾರಾ? ಇದು ಇನ್ನೂ ಬೇಕಾ ಅಂತ ಅದು ಕೇಳೋದಿಲ್ಲ, ಕೇಳೋಕೆ ಅದಕ್ಕೆ ಬರೋದೂ ಇಲ್ಲ. ಈ ಎರಡು ಪ್ರಶ್ನೆಗಳ ನಡುವೆ ಎಷ್ಟು ಅಂತರ ಇದೆ ಅನ್ನೋದು ನನಗೆ ಸರಿಯಾಗಿ ತಿಳಿದದ್ದು ಅಣ್ಣಿಗೇರಿಯಲ್ಲಿ, ನಮ್ಮ ಕಾಕಾ ಅವರ ದಲಾಲಿ ಅಂಗಡಿಯಲ್ಲಿ.

ಅಣ್ಣಿಗೇರಿ ಅಂದ್ರೆ ಹೊರಗಿನವರಿಗೆ ಆದಿಕವಿ ಪಂಪ, ಅಮೃತೇಶ್ವರ ಗುಡಿ. ಊರಿನವರಿಗೆ ಎರಿ ಹೊಲ, ಹೆಸರು, ಕಡಲಿ, ಹತ್ತಿ, ಮೆಣಸಿನಕಾಯಿ. ಮುಂಗಾರಿನ ಹೆಸರು ಪ್ಯಾಟಿಗೆ ಬರೋ ದಿನಗಳಲ್ಲಿ ಅಂಗಡಿ ಮುಂದೆ ಟ್ರ್ಯಾಕ್ಟರ್ ಸಾಲು ನಿಲ್ಲುತ್ತೆ. ಒಳಗೆ ತೂಕದ ಕಾಟಾ, ಪಕ್ಕದಲ್ಲಿ ಒಂದು ಹಳೇ ಕಂಪ್ಯೂಟರ್, ಒಂದು ಪುಟ್ಟ ಥರ್ಮಲ್ ಪ್ರಿಂಟರ್. ರೈತನ ಹೆಸರು, ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು, ಕಡಿತ ಎಷ್ಟು, ಕೈಗೆ ಬರೋದು ಎಷ್ಟು ಎಲ್ಲ ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರುತ್ತೆ. ಸಾಫ್ಟ್‌ವೇರ್ ಜಾವಾದ್ದು.

ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಹೋಗಿದ್ದಾಗ ಕಾಕಾ ಹೇಳಿದ್ರು, "ಮಧ್ಯಾಹ್ನ ಆತಂದ್ರ ಈ ಕಂಪ್ಯೂಟರ್ ಕೈ ಎತ್ತತೈತಿ ನೋಡ ತಮ್ಮಾ. ನೀ ಬೆಂಗಳೂರಾಗ ಇದನ್ನ ಮಾಡ್ತಿಯಲ್ಲ, ಒಂದೀಟು ನೋಡು."

ಕಂಪ್ಯೂಟರ್ ಮುಂದೆ ಕೂರೋ ಹುಡುಗ ಇನ್ನೂ ಕರಾರುವಾಕ್ಕಾಗಿ ಹೇಳಿದ. "ಏನಿಲ್ರೀ ಅಣ್ಣಾರ, ನೂರೈವತ್ತು, ನೂರಾಅರವತ್ತು ಚೀಟಿ ಆತಂದ್ರ ನಿಂತಬಿಡತೈತ್ರಿ. ಬಂದ್ ಮಾಡಿ ಚಾಲೂ ಮಾಡಿದ್ರ ಮತ್ತ ಓಡತೈತ್ರಿ."

ಬಂದ್ ಮಾಡಿ ಚಾಲೂ ಮಾಡೋದು ನಮಗೆ ಎರಡು ನಿಮಿಷದ ಮಾತು. ಅಲ್ಲಿ ಹಾಗಲ್ಲ. ಅರ್ಧ ತೂಗಿದ ಮಾಲಿನ ಲೆಕ್ಕ ಹಾರಿಹೋಗಿರುತ್ತೆ, ಚೀಲ ಆಗಲೇ ಕಾಟಾದಿಂದ ಇಳಿದಿರುತ್ತೆ. "ನನ್ನವು ಎಷ್ಟ ಚೀಲ ಬರದಿದ್ರಿ?" ಅಂತ ರೈತ ಕೇಳಿದರೆ ಉತ್ತರ ಇಲ್ಲ. ಮತ್ತೆ ಹಮಾಲರನ್ನು ಕರೆದು ಮೊದಲಿಂದ ತೂಗಬೇಕು. ದಲಾಲಿ ಅಂಗಡಿ ನಡೆಯೋದೇ ನಂಬಿಕೆ ಮೇಲೆ. ದಿನಾ ಮಧ್ಯಾಹ್ನ ಅದಕ್ಕೆ ಪೆಟ್ಟು ಬೀಳ್ತಿತ್ತು.

ಸಾಫ್ಟ್‌ವೇರ್ ಕೊಟ್ಟವರನ್ನು ಕೇಳಿದರೆ ಅವರ ಪರಿಹಾರ ಒಂದೇ ಸಾಲಿನದು: ಚೀಟಿ ಇಂಗ್ಲಿಷಿನಲ್ಲಿ ತೆಗೀರಿ, ತೊಂದರೆ ಇರೋಲ್ಲ.

ನಿಜ ಹೇಳಬೇಕಂದ್ರೆ ತಾಂತ್ರಿಕವಾಗಿ ಅವರ ಮಾತು ಸುಳ್ಳಲ್ಲ. ಈ ನಮೂನೆಯ ಅಗ್ಗದ ಪ್ರಿಂಟರಿನೊಳಗೆ ಇಂಗ್ಲಿಷ್ ಅಕ್ಷರಗಳು ಇರುತ್ತವೆ, ಕನ್ನಡ ಇರೋದಿಲ್ಲ. ಇಂಗ್ಲಿಷ್ ಆದರೆ ಪಠ್ಯ ಕಳಿಸಿದರೆ ಸಾಕು. ಕನ್ನಡ ಆದರೆ ಇಡೀ ಚೀಟಿಯನ್ನು ಮೊದಲು ಮೆಮೊರಿಯಲ್ಲಿ ಒಂದು ಚಿತ್ರವಾಗಿ ಬಿಡಿಸಿ, ಆ ಚಿತ್ರವನ್ನು ಕಳಿಸಬೇಕು. ಒತ್ತು, ದೀರ್ಘ ಎಲ್ಲ ಸರಿಯಾಗಿ ಕೂರೋದು ಆಗಲೇ. ಈ ಕೆಲಸಕ್ಕೆ ಅವರು ಯಾರದೋ ಒಂದು ಓಪನ್ ಸೋರ್ಸ್ ಲೈಬ್ರರಿ ಬಳಸಿದ್ದರು.

ಕಾಕಾ ಮಾತ್ರ ಒಪ್ಪಲಿಲ್ಲ. "ಓದಾಕ ಬರ್ದ ಚೀಟಿ ಕೊಟ್ಟು ಏನ್ ಮಾಡೂದು? ಅದು ಅವರ ರೊಕ್ಕದ ಲೆಕ್ಕ."

ಸರಿ ಅಂತ, ಮೆಮೊರಿ ಮುಗಿದಾಗ ಹೀಪ್ ಡಂಪ್ ಬರೆಯೋ ಆಯ್ಕೆ ಹಾಕಿಟ್ಟೆ. ಸಂಜೆ ಆ ಫೈಲನ್ನು ಎಕ್ಲಿಪ್ಸ್ ಮೆಮೊರಿ ಅನಲೈಜರ್‌ನಲ್ಲಿ ತೆರೆದರೆ ಹುಡುಕೋ ಕಷ್ಟವೇ ಇರಲಿಲ್ಲ. ಹತ್ತಿರ ಹತ್ತಿರ ಇಡೀ ಹೀಪನ್ನು ಒಂದೇ ಒಂದು ಸ್ಟ್ಯಾಟಿಕ್ ಹ್ಯಾಶ್‌ಮ್ಯಾಪ್ ಹಿಡಿದುಕೊಂಡು ಕೂತಿತ್ತು. ಕೀಲಿ ಅಂದ್ರೆ ಚೀಟಿಯ ಪಠ್ಯ, ಅದರ ಬೆಲೆ ಆ ಚೀಟಿಯ ಚಿತ್ರ. ಅದೇ ಪಠ್ಯ ಮತ್ತೆ ಬಂದರೆ ಮತ್ತೆ ಬಿಡಿಸೋದು ಬೇಡ, ಬೇಗ ಕೊಡೋಣ ಅನ್ನೋ ಒಳ್ಳೇ ಉದ್ದೇಶ.

ಈಗ ಲೆಕ್ಕ ನೋಡಿ. 80 ಮಿಲಿಮೀಟರ್ ಕಾಗದದ ಪ್ರಿಂಟರ್ ಅಡ್ಡಕ್ಕೆ 576 ಚುಕ್ಕಿ ಹೊಡೆಯುತ್ತೆ. ಚೀಟಿಯ ಉದ್ದ ಸುಮಾರು 1200 ಚುಕ್ಕಿ. ಲೈಬ್ರರಿ ಬಳಸಿದ್ದು ಪೂರ್ಣ ಬಣ್ಣದ ಚಿತ್ರ, ಚುಕ್ಕಿಗೆ 4 ಬೈಟ್. ಗುಣಿಸಿದರೆ 27,64,800 ಬೈಟ್, ಅಂದ್ರೆ ಚೀಟಿಗೆ ಎರಡೂವರೆ ಎಂಬಿಗೂ ಜಾಸ್ತಿ. ಆ ಕಂಪ್ಯೂಟರಿನ ಮೆಮೊರಿ 2 ಜಿಬಿ. ನಾವು ಏನೂ ಹೇಳದಿದ್ದರೆ ಜೆವಿಎಂ ಸಾಮಾನ್ಯವಾಗಿ ಅದರ ಕಾಲುಭಾಗವನ್ನು ಹೀಪಿನ ಮಿತಿ ಅಂತ ಇಟ್ಟುಕೊಳ್ಳುತ್ತೆ, 512 ಎಂಬಿ. ಬೇರೆ ಏನೂ ಇಲ್ಲದಿದ್ದರೂ 194 ಚೀಟಿಗೆ ಖಲಾಸ್. ಉಳಿದ ಪ್ರೋಗ್ರಾಮಿನ ಪಾಲು ಕಳೆದರೆ ಹುಡುಗ ಹೇಳಿದ ನೂರೈವತ್ತು, ನೂರಾಅರವತ್ತು. ಅವನಿಗೆ ಯಾವ ಅನಲೈಜರೂ ಬೇಕಾಗಿರಲಿಲ್ಲ!

ತಮಾಷೆ ಅಂದ್ರೆ ಆ ಕ್ಯಾಶ್ ಒಂದು ಸಲವೂ ಉಪಯೋಗಕ್ಕೆ ಬಂದಿರಲಿಲ್ಲ. ಪ್ರತಿ ಚೀಟಿಯಲ್ಲಿ ಹೆಸರು ಬೇರೆ, ತೂಕ ಬೇರೆ, ನಂಬರ್ ಬೇರೆ. ಒಂದೇ ಚೀಟಿಯನ್ನು ಹತ್ತು ಸಲ ತೆಗೆದು ಟೆಸ್ಟ್ ಮಾಡಿದರೆ ಅದೇ ಕ್ಯಾಶ್ ಬಹಳ ಚಂದ ಕಾಣುತ್ತೆ. ಕಲೆಕ್ಟರ್ ಪಾಪ ಏನು ಮಾಡೀತು? ಮ್ಯಾಪ್ ಹಿಡಿದುಕೊಂಡಿದೆ, ಹಾಗಾಗಿ ಮುಟ್ಟುವಂತಿಲ್ಲ. ಚೀಟಿ ಹರಿದು ರೈತನ ಕೈಗೆ ಕೊಟ್ಟ ಮೇಲೆ ಆ ಚಿತ್ರ ಯಾರಿಗೂ ಬೇಡ ಅನ್ನೋದು ಅಂಗಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಲೈಬ್ರರಿಗೆ ಬಿಟ್ಟು.

ಲೈಬ್ರರಿ ಅಂದ್ರೆ ಮದುವೆ ಮನೆಗೆ ಬಂದ ಅಡುಗೆಯವರ ಥರ. ಅಡುಗೆಮನೆ ಅವರದಲ್ಲ, ಪಾತ್ರೆ ಮೇಲಿನ ಹೆಸರೂ ಅವರದಲ್ಲ. ಮನೆ ಎಷ್ಟು ದೊಡ್ಡದು, ಇನ್ನೂ ಯಾರ್ಯಾರು ಬರೋರಿದ್ದಾರೆ ಅನ್ನೋದು ಮನೆಯವರಿಗೆ ಗೊತ್ತು. ಮುಂದೆ ಬೇಕಾದೀತು ಅಂತ ಅಡುಗೆಯವರು ಪಾತ್ರೆ ತುಂಬಿ ಮೂಲೆಯಲ್ಲಿ ಇಡುತ್ತಾ ಹೋದರೆ ಮನೆಯವರಿಗೆ ಕಾಲಿಡೋಕೆ ಜಾಗ ಇರೋಲ್ಲ. ಇಟ್ಟುಕೊಳ್ಳಲೇಬೇಕು ಅಂದ್ರೆ ಎಷ್ಟು ಇಡಲಿ ಅಂತ ಕೇಳಬೇಕು. ಲಿಂಕ್ಡ್‌ಹ್ಯಾಶ್‌ಮ್ಯಾಪ್‌ನಲ್ಲಿ ಹಳೆಯದನ್ನು ಬೀಳಿಸುವ ಏರ್ಪಾಡು ಇದೆ, ಮಿತಿ ಹಾಕೋದು ನಾಲ್ಕು ಸಾಲಿನ ಕೆಲಸ.

"ವೀಕ್‌ಹ್ಯಾಶ್‌ಮ್ಯಾಪ್ ಹಾಕಿದ್ರೆ ಆಯ್ತಲ್ವಾ" ಅಂತ ನಮ್ಮ ಟೀಮಿನಲ್ಲಿ ಯಾರಾದರೂ ಹೇಳೇ ಹೇಳ್ತಾರೆ. ಅದರಲ್ಲಿ ದುರ್ಬಲವಾಗಿ ಹಿಡಿದಿರೋದು ಕೀಲಿಯನ್ನು ಮಾತ್ರ. ಬೆಲೆಯೇ ತನ್ನ ಕೀಲಿಯನ್ನು ಹಿಡಿದುಕೊಂಡಿದ್ದರೆ ಎರಡೂ ಉಳಿಯುತ್ತವೆ. ಸಾಫ್ಟ್‌ರೆಫರೆನ್ಸ್ ಆದರೆ ಮೆಮೊರಿ ಪೂರ್ತಿ ಮುಗಿಯೋ ಮೊದಲು ಜಾಗ ಬಿಡುತ್ತೆ, ಆದರೆ ಹೀಪ್ ತುಂಬೋವರೆಗೂ ಬಿಡದೇ ಕೂರಬಹುದು. ಥ್ರೆಡ್‌ಲೋಕಲ್‌ನಲ್ಲಿ ಇಟ್ಟರೆ, ಥ್ರೆಡ್ ಪೂಲ್ ಇರೋ ಕಡೆ ನಾವೇ ತೆಗೆಯೋ ತನಕ ಅಲ್ಲೇ ಇರುತ್ತೆ. ಜಾವಾದ ಸ್ವಂತ ಲೈಬ್ರರಿಯೂ ಇದಕ್ಕೆ ಹೊರತಲ್ಲ. ದೊಡ್ಡ ಸ್ಟ್ರಿಂಗ್‌ನಿಂದ ಸಬ್‌ಸ್ಟ್ರಿಂಗ್ ಮೂಲಕ ಹತ್ತು ಅಕ್ಷರ ಕತ್ತರಿಸಿಕೊಂಡರೆ ಹಿಂದೆ ಇಡೀ ದೊಡ್ಡ ಅರೇ ಜೊತೆಗೇ ಉಳಿಯುತ್ತಿತ್ತು. 2012ರಲ್ಲಿ, ಜಾವಾ 7ರ ಆರನೇ ಅಪ್‌ಡೇಟಿನಲ್ಲಿ, ಬೇಕಾದಷ್ಟನ್ನೇ ನಕಲು ಮಾಡೋ ಹಾಗೆ ಬದಲಾಯಿಸಿದರು.

ನಾನು ಮಾಡಿದ್ದು ಎರಡೇ ಬದಲಾವಣೆ. ಮ್ಯಾಪ್ ತೆಗೆದುಹಾಕಿದೆ. ಆಮೇಲೆ ಚಿತ್ರವನ್ನು ಕಪ್ಪು ಬಿಳುಪು ಮಾಡಿದೆ, ಥರ್ಮಲ್ ಪ್ರಿಂಟರಿಗೆ ಬಣ್ಣ ಯಾಕೆ? ಚುಕ್ಕಿಗೆ ಒಂದು ಬಿಟ್, ಚೀಟಿಗೆ 86,400 ಬೈಟ್. ಮೂವತ್ತೆರಡು ಪಟ್ಟು ಕಮ್ಮಿ, ಅದೂ ಕೆಲಸ ಮುಗಿದ ಮೇಲೆ ಕಲೆಕ್ಟರ್ ಕೈಗೆ. ಬದಲಾವಣೆಯನ್ನು ಲೈಬ್ರರಿ ಬರೆದವರಿಗೂ ಕಳಿಸಿದೆ, ಸಾಫ್ಟ್‌ವೇರ್ ಕೊಟ್ಟವರಿಗೂ ಕೊಟ್ಟೆ. ಆ ಸೀಸನ್ ಮುಗಿಯೋ ತನಕ ಚೀಟಿ ಕನ್ನಡದಲ್ಲೇ ಬಂತು, ಮಧ್ಯಾಹ್ನ ಯಾರೂ ಎರಡನೇ ಸಲ ಚೀಲ ಎತ್ತಲಿಲ್ಲ.

ಇದನ್ನೆಲ್ಲ ಬರೆದದ್ದು ಯಾಕಂದ್ರೆ, ನಮ್ಮಲ್ಲಿ ಬಹಳ ಜನ ದಿನಾ ಲೈಬ್ರರಿ ಬರೀತೀವಿ. 32 ಜಿಬಿ ಲ್ಯಾಪ್‌ಟಾಪಿನಲ್ಲಿ ಟೆಸ್ಟ್ ಮಾಡ್ತೀವಿ. ಅದು ಯಾವ ಊರಿನ ಯಾವ ಮಷಿನ್ನಿನಲ್ಲಿ ಓಡುತ್ತೆ ಅಂತ ನಮಗೆ ಗೊತ್ತಾಗೋದೇ ಇಲ್ಲ. ಅಲ್ಲಿ ಮೆಮೊರಿ ಮುಗಿದರೆ ಬಿಲ್ ಕಟ್ಟೋದು ನಾವಲ್ಲ. ಮೊದಲು ಹೋಗೋದು ಕನ್ನಡದಂಥ "ಎಕ್ಸ್ಟ್ರಾ" ಅನ್ನಿಸಿಕೊಂಡ ಸಂಗತಿಗಳು. ಹಾಗಾಗಿ ಸ್ಟ್ಯಾಟಿಕ್ ಅಂತ ಟೈಪ್ ಮಾಡಿ ಮುಂದೆ ಮ್ಯಾಪ್ ಅಂತ ಬರೆಯೋ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಎಷ್ಟರವರೆಗೆ ಬೆಳೆಯುತ್ತೆ, ಮತ್ತು ಇದನ್ನು ಖಾಲಿ ಮಾಡೋರು ಯಾರು? ಎರಡಕ್ಕೂ ಉತ್ತರ ಇದ್ದರೆ ಧಾರಾಳವಾಗಿ ಬರೀರಿ. ಇಲ್ಲದಿದ್ದರೆ, ಆ ನಿರ್ಧಾರವನ್ನು ನಿಮ್ಮ ಲೈಬ್ರರಿಯನ್ನು ಕರೆಯುವವರಿಗೆ ಬಿಟ್ಟುಕೊಡಿ. ಮನೆ ಅವರದು.