ದೊಡ್ಡ ಮನೆಗೆ ಹೋದವನು

ಊರ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದ ಉಪಾಧ್ಯಾಯರೊಬ್ಬರು ಹೆಚ್ಚಿನ ಸಂಬಳಕ್ಕಾಗಿ ಪಟ್ಟಣದ ದೊಡ್ಡ ಕಾಲೇಜಿಗೆ ಹೊರಟುಹೋದರೆ, ಹಿಂದುಳಿದವರಿಗೆ ಅವರ ವಿಷಯದಲ್ಲಿ ಒಂದು ವಿಚಿತ್ರವಾದ ಕುತೂಹಲ ಹುಟ್ಟುತ್ತದೆ. ಅಲ್ಲಿ ಅವರಿಗೆ ಕೀರ್ತಿ ಬಂದರೆ ನಮ್ಮವರು ಎನ್ನುವುದಕ್ಕೆ ನಾಲಗೆ ತವಕಪಡುತ್ತದೆ. ಬಾರದೆ ಹೋದರೆ, ಬಿಟ್ಟುಹೋದವರಿಗೆ ಹಾಗೆಯೇ ಆಗಬೇಕು ಎನ್ನುವುದಕ್ಕೂ ಅದೇ ನಾಲಗೆ ಸಿದ್ಧವಾಗಿರುತ್ತದೆ. ಒಂದೇ ಸಂಜೆ ಒಬ್ಬನೇ ಮನುಷ್ಯನು ಎರಡನ್ನೂ ಆಡುವುದುಂಟು. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ೨೦೧೩ನೆಯ ಇಸವಿಯಲ್ಲಿ ಮೊದಲಾಗಿ ಹಲವು ವರ್ಷ ನಡೆದ ಚರ್ಚೆಯೊಂದು ಈ ಬಗೆಯದು. ಅದು ಕಾಲ್ಚೆಂಡಾಟಕ್ಕೆ ಸಂಬಂಧಪಟ್ಟುದಾದರೂ, ಆ ಆಟವನ್ನು ಕಣ್ಣಿನಿಂದ ಕಾಣದ ವಾಚಕರಿಗೂ ಅದರ ಒಳಗು ತಿಳಿಯದೆ ಇರದು.

ಲಿವರ್‌ಪೂಲಿನಲ್ಲಿ ಎರಡು ದೊಡ್ಡ ಸಂಘಗಳಿವೆ. ಊರಿನ ಹೆಸರನ್ನೇ ಹೊತ್ತದ್ದು ಒಂದು. ಎವರ್ಟನ್ ಎಂಬುದು ಇನ್ನೊಂದು. ಇವುಗಳಲ್ಲಿ ಎವರ್ಟನ್ನೇ ಹಳೆಯದು. ಅದು ೧೮೭೮ರಲ್ಲಿ ಮೆಥೊಡಿಸ್ಟರ ಪ್ರಾರ್ಥನಾಮಂದಿರವೊಂದರ ಆಶ್ರಯದಲ್ಲಿ ಹುಟ್ಟಿ, ೧೮೯೨ರಲ್ಲಿ ಗುಡಿಸನ್ ಪಾರ್ಕ್ ಎಂಬ ಅಂಗಣಕ್ಕೆ ಬಂದು ನೆಲೆಸಿತು. ಸುತ್ತಲೂ ಕೆಲಸಗಾರರ ಸಾಲುಮನೆಗಳು. ಅಂಗಣದ ಒಂದು ಮೂಲೆಗೆ ಅಂಟಿಕೊಂಡಂತೆಯೇ ಒಂದು ಚರ್ಚು. ಇಂಗ್ಲೆಂಡಿನ ಲೀಗ್ ಪ್ರಶಸ್ತಿಯನ್ನು ಈ ಸಂಘವು ೯ ಸಲ ಗೆದ್ದುದುಂಟು. ಆದರೆ ಕಡೆಯ ಸಲ ಗೆದ್ದುದು ೧೯೮೭ರಲ್ಲಿ. ಆಮೇಲಿನದು, ಹೆಬ್ಬಾಗಿಲು ಉಳಿದು ಜಹಗೀರು ಕರಗಿದ ಮನೆತನದ ಕಥೆ.

ಈ ಮನೆಗೆ ೨೦೦೨ನೆಯ ಮಾರ್ಚಿಯಲ್ಲಿ ಡೇವಿಡ್ ಮೋಯ್ಸ್ ಎಂಬ ಸ್ಕಾಟ್ಲೆಂಡಿನವರು ಮ್ಯಾನೇಜರಾಗಿ ಬಂದರು. ಆ ದೇಶದ ಕಾಲ್ಚೆಂಡಾಟದಲ್ಲಿ ಮ್ಯಾನೇಜರೆಂದರೆ ಲೆಕ್ಕಪತ್ರ ನೋಡುವವನಲ್ಲ. ಆಟಗಾರರನ್ನು ಆರಿಸುವುದು, ಪಳಗಿಸುವುದು, ಯಾವನು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವುದು ಎಲ್ಲವೂ ಅವನ ಪಾಲಿನ ಕೆಲಸ. ಸೋತಾಗ ಬೈಸಿಕೊಳ್ಳುವುದೂ ಅವನ ಪಾಲಿನದೆ. ಮೋಯ್ಸರು ಬಂದ ದಿನವೇ ಎವರ್ಟನ್ನನ್ನು ಜನಸಾಮಾನ್ಯರ ಸಂಘವೆಂದು ಕರೆದರು. ಬೀದಿಯಲ್ಲಿ ಎದುರಾಗುವವರಲ್ಲಿ ಹೆಚ್ಚಿನವರು ಇದರ ಅಭಿಮಾನಿಗಳೆಂಬುದು ಅವರ ಅಭಿಪ್ರಾಯವಾಗಿತ್ತು. ನೆರೆಯ ಸಂಘದ ವೈಭವವನ್ನು ದಿನವೂ ನೋಡಿ ಬೇಯುತ್ತಿದ್ದ ಜನಕ್ಕೆ ಆ ಮಾತು ಅಮೃತವಾಯಿತು.

ಅವರು ಹನ್ನೊಂದು ವರ್ಷ ಇದ್ದರು. ಕೈಯಲ್ಲಿ ಹಣವಿಲ್ಲದ ಗೃಹಿಣಿಯು ಇದ್ದ ಅಕ್ಕಿಯಲ್ಲಿಯೇ ಹತ್ತು ಎಲೆ ಬಡಿಸುವಂತೆ ನಡೆದ ಸಂಸಾರ ಅದು. ವೇಯ್ನ್ ರೂನಿ ಎಂಬ ಊರಿನ ಹುಡುಗನನ್ನು ೨೦೦೪ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸಂಘಕ್ಕೆ ಮಾರಬೇಕಾಗಿ ಬಂದಿತು. ಆ ಋತುವಿನಲ್ಲಿಯೇ ಎವರ್ಟನ್ ನಾಲ್ಕನೆಯ ಸ್ಥಾನಕ್ಕೆ ಏರಿತು. ಐರ್ಲೆಂಡಿನ ಸಣ್ಣ ಸಂಘವೊಂದರಿಂದ ಶೇಮಸ್ ಕೋಲ್ಮನ್ ಎಂಬ ತರುಣನನ್ನು ೬೦,೦೦೦ ಪೌಂಡಿಗೆ ತಂದರು. ಆ ಲೋಕದಲ್ಲಿ ಅದು ಬೆಲೆಯೇ ಅಲ್ಲ. ಅಭಿಮಾನಿಗಳು ಆ ಅಗ್ಗದ ವ್ಯಾಪಾರದ ಮೇಲೆ ಹಾಡನ್ನೇ ಕಟ್ಟಿದರು. ೨೦೦೯ರ ಎಫ್.ಎ. ಕಪ್ ಪಂದ್ಯಾವಳಿಯ ಉಪಾಂತ್ಯದಲ್ಲಿ ಮ್ಯಾಂಚೆಸ್ಟರನ್ನು ಪೆನಾಲ್ಟಿಗಳಲ್ಲಿ ಸೋಲಿಸಿ, ಅಂತ್ಯದಲ್ಲಿ ಚೆಲ್ಸಿಗೆ ೨–೧ರಲ್ಲಿ ಸೋತರು. ಪಾರಿತೋಷಕ ಒಂದೂ ಬರಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್, ಆರ್ಸೆನಲ್, ಚೆಲ್ಸಿ, ಲಿವರ್‌ಪೂಲ್ ಈ ನಾಲ್ವರ ಅಂಗಣಗಳಿಗೆ ಹೋಗಿ ಆಡಿದ ಲೀಗ್ ಪಂದ್ಯಗಳಲ್ಲಿ ಹನ್ನೊಂದು ವರ್ಷಕ್ಕೂ ಒಂದು ಗೆಲುವಿಲ್ಲ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

೨೦೧೩ನೆಯ ಮೇ ತಿಂಗಳ ೧೨ನೆಯ ತಾರೀಖು ಗುಡಿಸನ್ ಪಾರ್ಕಿನಲ್ಲಿ ಜನರು ಎದ್ದು ನಿಂತು ಕೈತಟ್ಟಿ ಅವರನ್ನು ಬೀಳ್ಕೊಟ್ಟರು. ಅದೇ ದಿನ ಮ್ಯಾಂಚೆಸ್ಟರಿನಲ್ಲಿ ಸರ್ ಅಲೆಕ್ಸ್ ಫರ್ಗ್ಯುಸನ್ನರು, ಇಪ್ಪತ್ತಾರು ವರ್ಷಗಳ ಆಳ್ವಿಕೆ ಮುಗಿಸಿ, ಹದಿಮೂರು ಲೀಗ್ ಪ್ರಶಸ್ತಿಗಳನ್ನು ಬೆನ್ನ ಹಿಂದೆ ಇರಿಸಿ, ಹೊಸ ಮ್ಯಾನೇಜರನಿಗೆ ಬೆಂಬಲವಾಗಿ ನಿಲ್ಲಿರೆಂದು ತಮ್ಮ ಜನರನ್ನು ಕೇಳಿಕೊಳ್ಳುತ್ತಿದ್ದರು. ಆ ಹೊಸ ಮ್ಯಾನೇಜರೇ ಮೋಯ್ಸರು. ಆರು ವರ್ಷದ ಕರಾರು. ಪ್ರೇಕ್ಷಕರ ಅಟ್ಟಣೆಗೆ ಅವರ ಚಿತ್ರದೊಡನೆ, ಆರಿಸಲ್ಪಟ್ಟವನು ಎಂಬ ಅರ್ಥದ ಪಟವನ್ನೂ ಕಟ್ಟಿದರು. ಆರಿಸಿದವರು ಫರ್ಗ್ಯುಸನ್ನರಾದುದರಿಂದ ಅದನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಬೀಳ್ಕೊಡುಗೆಯ ಸೌಹಾರ್ದ ನಾಲ್ಕು ತಿಂಗಳೂ ಉಳಿಯಲಿಲ್ಲ. ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನವರು ಎವರ್ಟನ್ನಿನ ಲೇಟನ್ ಬೇನ್ಸ್, ಮರುವಾನ್ ಫೆಲೈನಿ ಇಬ್ಬರನ್ನೂ ಜತೆಯಾಗಿ ಅಗ್ಗಕ್ಕೆ ಕೇಳಿದರು. ಎವರ್ಟನ್ ಇದು ಅವಮಾನವೆಂದಿತು. ತಾನು ಎವರ್ಟನ್ನಿನಲ್ಲಿಯೇ ಇದ್ದು ಫರ್ಗ್ಯುಸನ್ನರು ಬಂದು ಕೇಳಿದ್ದರೆ ಆಟಗಾರರ ಹಿತಕ್ಕಾಗಿ ಅವರನ್ನು ಹಿಡಿದಿಡುವುದು ಕಷ್ಟವಾಗುತ್ತಿತ್ತೆಂದು ಮೋಯ್ಸರು ಹೇಳಿದುದು ಉರಿಯುವ ಒಲೆಗೆ ಸೌದೆಯಾಯಿತು. ತವರಿನ ಪಾತ್ರೆಯನ್ನು ಹೊಸ ಮನೆಗೆ ಸಾಗಿಸುವುದೇ ಅಪರಾಧ. ಅದು ನಿಮ್ಮ ಒಳ್ಳೆಯದಕ್ಕೆ ಎಂದು ಬೋಧಿಸಿದರೆ ಸಹಿಸುವವರಾರು? ಕಡೆಗೆ ಫೆಲೈನಿ ಒಬ್ಬನೇ, ಖರೀದಿಯ ಅವಧಿ ಮುಗಿಯುವ ಕಡೆಯ ದಿನ, ೨೭೫ ಲಕ್ಷ ಪೌಂಡಿಗೆ ಹೋದನು.

ಅಲ್ಲಿಂದ ಮುಂದೆ ಮ್ಯಾಂಚೆಸ್ಟರಿನ ಪ್ರತಿಯೊಂದು ಸೋಲೂ ಗುಡಿಸನ್ ರಸ್ತೆಯ ಸುತ್ತಿನ ಪಾನಗೃಹಗಳಲ್ಲಿ ವಾದದ ವಸ್ತುವಾಯಿತು. ಡಿಸೆಂಬರ್ ೪ರಂದು ಎವರ್ಟನ್ನೇ ಹೋಗಿ, ಓಲ್ಡ್ ಟ್ರಾಫರ್ಡ್ ಅಂಗಣದಲ್ಲಿ, ಬ್ರಯನ್ ಓವಿಯೆಡೊ ಕಡೆಯ ಗಳಿಗೆಗಳಲ್ಲಿ ಹೊಡೆದ ಗೋಲಿನಿಂದ ಗೆದ್ದಿತು. ೧೯೯೨ರ ತರುವಾಯ ಆ ಅಂಗಣದಲ್ಲಿ ಲೀಗ್ ಪಂದ್ಯವೊಂದನ್ನು ಅವರು ಗೆದ್ದುದು ಅದೇ ಮೊದಲು. ಮೋಯ್ಸರು ಹನ್ನೊಂದು ವರ್ಷದಲ್ಲಿ ಮಾಡಲಾರದುದನ್ನು ಅವರ ಸ್ಥಾನಕ್ಕೆ ಬಂದ ರೊಬೆರ್ಟೊ ಮಾರ್ಟಿನೆಜ್ ಮೊದಲ ಯತ್ನದಲ್ಲಿಯೇ, ಅದೂ ಮೋಯ್ಸರ ಎದುರಿಗೇ ಮಾಡಿದರು. ವಿಧಿಯ ಹಾಸ್ಯ ಕೆಲವು ಸಲ ತೀರ ಒರಟು.

ವಾದ ಹೀಗೆ ನಡೆಯುತ್ತಿತ್ತು. ಆ ಮನುಷ್ಯ ಮೊದಲಿನಿಂದಲೂ ಅಂಜುಬುರುಕ; ದೊಡ್ಡವರ ಅಂಗಣಕ್ಕೆ ಸೋಲಬಾರದೆಂದು ಹೋಗುತ್ತಿದ್ದನೇ ಹೊರತು ಗೆಲ್ಲಬೇಕೆಂದಲ್ಲ; ಇಷ್ಟು ವರ್ಷ ಎವರ್ಟನ್ನಿನ ತಲೆಯ ಮೇಲೆ ಸೂರನ್ನು ತಗ್ಗಿಸಿ ಹೊದಿಸಿದವನು ಅವನೇ ಎಂದು ಕೆಲವರು. ಹಣವಿಲ್ಲದಾಗ ಯಾರು ಬಂದಿದ್ದರೂ ಅಷ್ಟು ಮಾಡುತ್ತಿರಲಿಲ್ಲ. ಮ್ಯಾಂಚೆಸ್ಟರಿನ ಆಟಗಾರರು ಮುಪ್ಪಾಗಿದ್ದರು. ಫರ್ಗ್ಯುಸನ್ನರು ಬಿಟ್ಟ ಪೀಠದಲ್ಲಿ ದೇವೇಂದ್ರನೇ ಕುಳಿತರೂ ಕಾಲು ನಡುಗೀತು ಎಂದು ಬೇರೆಯವರು. ಫರ್ಗ್ಯುಸನ್ನರೂ ೧೯೮೬ರಲ್ಲಿ ಬಂದು ಮೊದಲ ಪಾರಿತೋಷಕಕ್ಕೆ ೧೯೯೦ರವರೆಗೆ ಕಾಯಲಿಲ್ಲವೆ ಎಂಬ ಉದಾಹರಣೆಯೂ ಬರುತ್ತಿತ್ತು. ಇದನ್ನು ಮ್ಯಾಂಚೆಸ್ಟರಿನ ತಾಳ್ಮೆಯ ಜನರೂ ಹೇಳಿಕೊಳ್ಳುತ್ತಿದ್ದರು. ಆಟದ ಅಂಕಿಗಳು ಮಾತ್ರ ವಿರೋಧಪಕ್ಷಕ್ಕೆ ಅನುಕೂಲವಾಗಿಯೇ ಒದಗುತ್ತಿದ್ದುವು. ೨೦೧೪ರ ಫೆಬ್ರವರಿಯಲ್ಲಿ, ಪಟ್ಟಿಯ ತಳದಲ್ಲಿದ್ದ ಫುಲ್‌ಹ್ಯಾಮಿನ ಮೇಲೆ ತಮ್ಮ ಮನೆಯಂಗಣದಲ್ಲಿಯೇ ಆಡುತ್ತ, ಮ್ಯಾಂಚೆಸ್ಟರಿನವರು ಚೆಂಡನ್ನು ಪಕ್ಕದಿಂದ ಗೋಲಿನ ಮುಂದಕ್ಕೆ ೮೧ ಸಲ ತೂರಿದರು. ಪಂದ್ಯ ೨–೨ ಸಮವಾಯಿತು. ಬೇರೊಂದು ದಾರಿ ತೋರದವನು ಅದೇ ಬಾಗಿಲನ್ನು ಎಂಬತ್ತೊಂದು ಸಲ ತಟ್ಟಿದಂತೆ.

ಇನ್ನೊಂದು ಸಂಗತಿ ಇದಕ್ಕಿಂತ ಗಹನವಾದುದು. ಮಾರ್ಚಿಯಲ್ಲಿ ಅದೇ ಊರಿನ ಮ್ಯಾಂಚೆಸ್ಟರ್ ಸಿಟಿಗೆ ೩–೦ರಲ್ಲಿ ಸೋತಮೇಲೆ, ತಮ್ಮ ತಂಡ ಮುಟ್ಟಲು ಹವಣಿಸಬೇಕಾದ ಮಟ್ಟ ಅದು ಎಂಬರ್ಥದ ಮಾತನ್ನು ಮೋಯ್ಸರು ಆಡಿದರು. ಎವರ್ಟನ್ನಿನಲ್ಲಿ ಇಂಥ ಮಾತು ವಿನಯವೂ ಹೌದು, ಸತ್ಯವೂ ಹೌದು. ಅದನ್ನು ಕೇಳಿ ಜನ ತಲೆದೂಗುತ್ತಿದ್ದರು. ವರ್ಷದ ಹಿಂದೆ ತಾನೇ ಚಾಂಪಿಯನ್ನಾಗಿದ್ದ ಮನೆಯಲ್ಲಿ ಅದು ದೈವನಿಂದೆಯಾಯಿತು. ಮಾತು ಬದಲಾಗಿರಲಿಲ್ಲ, ಮನುಷ್ಯನೂ ಬದಲಾಗಿರಲಿಲ್ಲ. ಕೇಳುವ ಗೋಡೆಗಳು ಬೇರೆಯಾಗಿದ್ದುವು. ಬಡತನದಲ್ಲಿ ಗುಣವಾದ ಎಚ್ಚರಿಕೆ ಸಿರಿಯಲ್ಲಿ ಜಿಪುಣತನವಾಗಿ ಕಾಣುವುದು ಲೋಕದಲ್ಲಿ ಅಪೂರ್ವವೇನಲ್ಲ.

ಆದರೆ ಎವರ್ಟನ್ನಿನವರಿಗೆ ಇದನ್ನು ಇಷ್ಟು ಸಮಾಧಾನದಿಂದ ನೋಡುವುದು ಸಾಧ್ಯವಿರಲಿಲ್ಲ. ಏಕೆಂದರೆ ಅವರು ತೂಗುತ್ತಿದ್ದುದು ಮೋಯ್ಸರನ್ನು ಮಾತ್ರವಲ್ಲ. ಆ ಹನ್ನೊಂದು ವರ್ಷ ಶನಿವಾರ ಶನಿವಾರವೂ ಮಳೆಯಲ್ಲಿ ನಿಂತು, ಐದನೆಯ ಸ್ಥಾನವನ್ನು ಹಬ್ಬವೆಂದು ಆಚರಿಸಿದವರು ಅವರು; ತಂದೆ ಮಗನಿಗೆ, ಇದಕ್ಕಿಂತ ಹೆಚ್ಚು ಕೇಳಬಾರದು ಎಂದು ಹೇಳಿಕೊಟ್ಟ ವರ್ಷಗಳು ಅವು. ಮೋಯ್ಸರು ಸಣ್ಣವರೆಂದಾದರೆ, ಹೆಚ್ಚು ಕೇಳಬಹುದಾಗಿತ್ತು ಎಂದಾಯಿತು. ಆ ತೃಪ್ತಿಯೆಲ್ಲ ಮೋಸಹೋದವರ ತೃಪ್ತಿಯಾಯಿತು. ಮೋಯ್ಸರು ದೊಡ್ಡವರೆಂದಾದರೆ, ಅಂಥವರನ್ನು ಮನೆಯಲ್ಲಿ ಉಳಿಸಿಕೊಳ್ಳಲಾರದ ಬಡತನ ನಿಜವೆಂದಾಯಿತು. ಆದುದರಿಂದಲೇ ಅವರ ಸೋಲಿಗೆ ನಗುತ್ತಿದ್ದವನೇ, ಮ್ಯಾಂಚೆಸ್ಟರಿನವನೊಬ್ಬನು ಅವರನ್ನು ಅಯೋಗ್ಯನೆಂದರೆ ಮೈಮೇಲೆ ಬೀಳುತ್ತಿದ್ದನು. ಹೊರಗಿನವರಿಗೆ ಇದು ಅಸಂಗತವಾಗಿ ತೋರುತ್ತದೆ. ಸಂಸಾರಸ್ಥರಿಗೆ ಹಾಗೆ ತೋರಬೇಕಾಗಿಲ್ಲ.

೨೦೧೪ನೆಯ ಏಪ್ರಿಲ್ ೨೦, ಈಸ್ಟರ್ ಭಾನುವಾರ, ಮೋಯ್ಸರು ಎದುರಾಳಿಯಾಗಿ ಗುಡಿಸನ್ ಪಾರ್ಕಿಗೆ ಬಂದರು. ಹನ್ನೊಂದು ತಿಂಗಳ ಹಿಂದೆ ಕೈತಟ್ಟಿದ ಜನರೇ ಕೂಗಿ ಹೀಯಾಳಿಸಿದರು. ಒಬ್ಬನಂತೂ ಮೃತ್ಯುವಿನ ವೇಷ ಧರಿಸಿ, ಕರಿಯ ನಿಲುವಂಗಿ ತೊಟ್ಟು, ಉದ್ದನೆಯ ಕುಡುಗೋಲು ಹಿಡಿದು ಅವರ ಬೆನ್ನ ಹಿಂದೆಯೇ ಕುಳಿತಿದ್ದನು. ಯಮನಿಗೆ ಕೋಣವೊಂದಿರಲಿಲ್ಲ, ಅಷ್ಟೆ. ಅದನ್ನು ಹಾಸ್ಯವೆಂದು ನಕ್ಕವರಿಗೆ ಆಮೇಲೆ ಸ್ವಲ್ಪ ನಾಚಿಕೆಯಾಗಿದ್ದರೆ ಒಳ್ಳೆಯದು. ಮ್ಯಾಂಚೆಸ್ಟರಿಗೆ ಹೋಗದೆ ಉಳಿದ ಬೇನ್ಸನೇ ಪೆನಾಲ್ಟಿಯಿಂದ ಮೊದಲ ಗೋಲು ಹೊಡೆದನು. ಕೆವಿನ್ ಮಿರಾಲಸ್ ಎರಡನೆಯದು. ಎರಡು ದಿನ ಕಳೆದು, ೨೨ರಂದು, ಮೋಯ್ಸರನ್ನು ತೆಗೆದುಹಾಕಿದರು. ಆರು ವರ್ಷದ ಕರಾರು ಹತ್ತು ತಿಂಗಳಿಗೆ ಮುಗಿಯಿತು. ಋತುವಿನ ಕೊನೆಗೆ ಎವರ್ಟನ್ ೭೨ ಅಂಕಗಳೊಡನೆ ಐದನೆಯದು. ಮ್ಯಾಂಚೆಸ್ಟರ್ ಯುನೈಟೆಡ್ ೬೪ ಅಂಕಗಳೊಡನೆ ಏಳನೆಯದು.

ಅಲ್ಲಿಗೆ ತೀರ್ಪಾಯಿತೆಂದು ಬಹುಮಂದಿ ಭಾವಿಸಿದರು. ಕಾಲಕ್ಕೆ ಆ ತೀರ್ಪು ಒಪ್ಪಿಗೆಯಾಗಲಿಲ್ಲ. ಮಾರ್ಟಿನೆಜ್ಜರ ಎವರ್ಟನ್ ಮುಂದಿನ ಎರಡು ಋತುಗಳಲ್ಲಿಯೂ ಹನ್ನೊಂದನೆಯ ಸ್ಥಾನಕ್ಕೆ ಇಳಿದು, ೨೦೧೬ರಲ್ಲಿ ಅವರೂ ಹೊರಟರು. ಆಮೇಲೆ ಬಂದವರು ಹಲವರು, ಹೋದವರೂ ಅಷ್ಟೇ. ಹಣವನ್ನು ನೀರಿನಂತೆ ಚೆಲ್ಲಿ ಸಂಘವು ಕೆಳಗಣ ಶ್ರೇಣಿಯ ಅಂಚಿಗೆ ಬಂದಿತು. ೨೦೨೩–೨೪ರಲ್ಲಿ ಖರ್ಚಿನ ನಿಯಮ ಮುರಿದುದಕ್ಕಾಗಿ ಒಟ್ಟು ೮ ಅಂಕಗಳನ್ನು ಕಳೆದುಕೊಂಡಿತು. ಐದನೆಯ ಸ್ಥಾನಕ್ಕೆ ಮೂಗು ಮುರಿದವರು ಹದಿನೇಳನೆಯ ಸ್ಥಾನಕ್ಕೆ ದೀಪ ಹಚ್ಚುವಂತಾಯಿತು. ಇತ್ತ ಮ್ಯಾಂಚೆಸ್ಟರಿನಲ್ಲಿ ಯುರೋಪಿನ ಪ್ರಸಿದ್ಧರೆಲ್ಲ ಬಂದು ಕೂತು ನೋಡಿದರು. ಫರ್ಗ್ಯುಸನ್ನರ ತರುವಾಯದ ಹನ್ನೆರಡು ಋತುಗಳಲ್ಲಿ ಲೀಗ್ ಪ್ರಶಸ್ತಿ ಒಮ್ಮೆಯೂ ಆ ಮನೆಗೆ ಬರಲಿಲ್ಲ. ಮೋಯ್ಸರ ಪಕ್ಷದವರು ಇದನ್ನು ಕೂಡಿಟ್ಟು ಹೇಳದೆ ಬಿಡಲಿಲ್ಲ. ಎದುರುಪಕ್ಷದವರೂ ಬರಿಗೈಯವರಲ್ಲ: ಸ್ಪೇನಿನಲ್ಲಿ ಒಂದು ವರ್ಷಕ್ಕೆ ಮೋಯ್ಸರು ಕೆಲಸ ಕಳೆದುಕೊಂಡಿದ್ದರು; ೨೦೧೭ರಲ್ಲಿ ಅವರ ಕೈಕೆಳಗೆ ಸಂಡರ್‌ಲೆಂಡ್ ಪಟ್ಟಿಯ ತಳ ಸೇರಿ ಕೆಳಗಿಳಿದಿತ್ತು. ಆದರೆ ೨೦೨೩ನೆಯ ಜೂನ್ ೭ರಂದು, ಪ್ರಾಗ್ ನಗರದಲ್ಲಿ, ಲಂಡನ್ನಿನ ವೆಸ್ಟ್ ಹ್ಯಾಮ್ ಸಂಘ ಫಿಯೊರೆಂಟಿನಾವನ್ನು ೨–೧ರಲ್ಲಿ ಸೋಲಿಸಿ ಯುರೋಪಿನ ಪಾರಿತೋಷಕವೊಂದನ್ನು ಗೆದ್ದಾಗ ಅದರ ಮ್ಯಾನೇಜರು ಮೋಯ್ಸರೇ ಆಗಿದ್ದರು. ಅವರಿಗಾಗ ಅರುವತ್ತು ವರ್ಷ. ಗೆಲುವಿನ ಗೋಲು ತೊಂಬತ್ತನೆಯ ನಿಮಿಷಕ್ಕೆ ಬಂದುದು.

೨೦೨೫ನೆಯ ಜನವರಿಯಲ್ಲಿ ಎವರ್ಟನ್ ಪತನದ ಗೆರೆಗಿಂತ ಒಂದೇ ಅಂಕ ಮೇಲಿದ್ದಾಗ ಮ್ಯಾನೇಜರನ್ನು ಬಿಡಿಸಿದರು. ನಡುವೆ ಒಂದು ಪಂದ್ಯಕ್ಕೆ ತಂಡವನ್ನು ನೋಡಿಕೊಂಡವರು ಬೇನ್ಸ್, ಕೋಲ್ಮನ್ ಇಬ್ಬರು: ಒಬ್ಬನು ಮೋಯ್ಸರಿಗೆ ಈಸ್ಟರಿನಂದು ಗೋಲು ಹೊಡೆದವನು, ಇನ್ನೊಬ್ಬನು ಅರುವತ್ತು ಸಾವಿರ ಪೌಂಡಿನವನು. ಆಮೇಲೆ ಬಾಗಿಲು ತೆರೆದು ಒಳಗೆ ಬಂದವರು ಮೋಯ್ಸರು. ಹಳೆಯ ವಾದ ಮತ್ತೆ ಮೊದಲಾಯಿತು: ಸೋತ ಮನೆ ಸೋತವನನ್ನೇ ಕರೆಯಿತೆಂದು ಒಬ್ಬರು, ಹಸಿವಿನಲ್ಲಿ ಅಡುಗೆ ಬಲ್ಲವನ ನೆನಪಾಯಿತೆಂದು ಒಬ್ಬರು. ಮೋಯ್ಸರು ತಂಡವನ್ನು ಹದಿಮೂರನೆಯ ಸ್ಥಾನಕ್ಕೆ ತಂದು ನಿಲ್ಲಿಸಿದರು. ಮೇ ೧೮ರಂದು ಪುರುಷರ ತಂಡ ಗುಡಿಸನ್ ಪಾರ್ಕಿನಲ್ಲಿ ತನ್ನ ಕಡೆಯ ಪಂದ್ಯವನ್ನಾಡಿ, ಸೌತಾಂಪ್ಟನ್ನನ್ನು ೨–೦ರಲ್ಲಿ ಸೋಲಿಸಿತು. ಮರ್ಸಿ ನದಿಯ ದಡದ ಹಳೆಯ ಹಡಗುಕಟ್ಟೆಯ ಮೇಲೆ ಕಟ್ಟಿದ ಹೊಸ ಅಂಗಣಕ್ಕೆ ಸಂಘ ಹೊರಟಾಗ, ಜನರು ಆ ಹನ್ನೊಂದು ವರ್ಷಗಳ ಲೆಕ್ಕದ ಪುಸ್ತಕವನ್ನೂ ಜತೆಗೆ ಒಯ್ದರು. ಪಾರಿತೋಷಕದ ಕಲಮು ಅದರಲ್ಲಿ ಖಾಲಿಯಾಗಿಯೇ ಇತ್ತು.