ಸೊಲಾರಿಸ್ ಪುರಾಣ

ಹಳೆಯ ಯುನಿಕ್ಸುಗಳ ಮಾತು ಬಂದರೆ ನಾನು ಸದಾ ಸೊಲಾರಿಸ್ ಪಕ್ಷ. ಎಐಎಕ್ಸ್ ಮೆಚ್ಚುವವರು ಅದನ್ನೇ ಮೆಚ್ಚಿಕೊಳ್ಳಲಿ, ತಕರಾರಿಲ್ಲ. ಸೊಲಾರಿಸ್ ಯಂತ್ರದಲ್ಲಿ ‘ಯುನೇಮ್’ ಎಂದು ಕಮಾಂಡ್ ಕೊಟ್ಟರೆ ಅದು ಇವತ್ತಿಗೂ ತನ್ನನ್ನು ‘ಸನ್‌ಓಎಸ್’ ಅಂತಲೇ ಹೇಳಿಕೊಳ್ಳುತ್ತದೆ. ಅದನ್ನು ಕಟ್ಟಿದ ಸನ್ ಮೈಕ್ರೋಸಿಸ್ಟಮ್ಸ್ 2010ರಲ್ಲೇ ಒರಾಕಲ್ ಪಾಲಾಯಿತು. ಮದುವೆಯಾಗಿ ಹೋದ ಮಗಳು ತವರಿನ ಹೆಸರು ಬಿಡದ ಹಾಗೆ ಇದೂ ಬಿಟ್ಟಿಲ್ಲ.

ಆ ತವರು ಹುಟ್ಟಿದ್ದು 1982ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಸ್ಟ್ಯಾನ್‌ಫರ್ಡಿನಲ್ಲಿ ಆಂಡಿ ಬೆಕ್ಟೋಲ್‌ಶೈಮ್ ಕಟ್ಟಿದ ವರ್ಕ್‌ಸ್ಟೇಷನ್ನೇ ಮೂಲ ಬಂಡವಾಳ. ವಿನೋದ್ ಖೋಸ್ಲಾ, ಸ್ಕಾಟ್ ಮೆಕ್‌ನೀಲಿ ಜೊತೆಗೂಡಿದರು. ಬರ್ಕ್ಲಿಯಿಂದ ಬಿಲ್ ಜಾಯ್ ಬಂದರು, ಅವರ ಹಿಂದೆಯೇ ಬರ್ಕ್ಲಿಯ ಯುನಿಕ್ಸೂ ಬಂತು. 1987ರಲ್ಲಿ ಸನ್ನು ಎಟಿ ಅಂಡ್ ಟಿ ಜೊತೆ ಕೈಜೋಡಿಸಿ ಯುನಿಕ್ಸಿನ ಕವಲುಗಳನ್ನು ಒಂದು ಮಾಡಲು ಹೊರಟಿತು. ಐಬಿಎಂ, ಎಚ್‌ಪಿ, ಡಿಇಸಿಗಳು ದಿಗಿಲುಬಿದ್ದು ಮರುವರ್ಷವೇ ಎದುರು ಕೂಟ ಕಟ್ಟಿದವು. ಆ ಜಗಳದ ಕಥೆ ದೊಡ್ಡದು, ಇಲ್ಲಿ ಬೇಡ. ಎಟಿ ಅಂಡ್ ಟಿ ಜೊತೆ ಕೈಜೋಡಿಸಿದ್ದರ ಫಲವಾಗಿ 1992ರಲ್ಲಿ ಬಂದ ಸೊಲಾರಿಸ್ 2 ಮೊದಮೊದಲು ನಿಧಾನವೆಂದು ಚೆನ್ನಾಗಿಯೇ ಬೈಸಿಕೊಂಡಿತು.

ನನಗೆ ನಿಜವಾಗಿ ಹೇಳಬೇಕಾದದ್ದು ಸೊಲಾರಿಸ್ 10ರ ವಿಷಯ. 2005ರಲ್ಲಿ ಅದರೊಂದಿಗೆ ಡಿಟ್ರೇಸ್ ಬಂತು: ಓಡುತ್ತಿರುವ ಸರ್ವರನ್ನು ನಿಲ್ಲಿಸದೆ, ಎಲ್ಲಿ ತಡವಾಗುತ್ತಿದೆ ಎಂದು ಅದನ್ನೇ ವಿಚಾರಿಸಬಹುದು. ಮರುವರ್ಷ ಜೆಫ್ ಬಾನ್ವಿಕ್, ಮ್ಯಾಥ್ಯೂ ಆರೆನ್ಸ್ ಮತ್ತು ಸಂಗಡಿಗರ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಸೇರಿಕೊಂಡಿತು. ಡಿಸ್ಕುಗಳು ಸದ್ದಿಲ್ಲದೆ ತಪ್ಪು ಮಾಹಿತಿ ಕೊಡುವುದುಂಟು. ಎಷ್ಟೋ ಫೈಲ್ ಸಿಸ್ಟಮ್‌ಗಳು ಅದನ್ನು ಕಣ್ಣುಮುಚ್ಚಿ ನಂಬುತ್ತವೆ. ಝಡ್‌ಎಫ್‌ಎಸ್ ಪ್ರತಿ ಬ್ಲಾಕಿನ ಚೆಕ್‌ಸಮ್ಮನ್ನು ಆ ಬ್ಲಾಕಿನೊಳಗೆ ಇಡದೆ, ಅದನ್ನು ತೋರಿಸುವ ಮೇಲಿನ ಬ್ಲಾಕಿನಲ್ಲಿ ಇಡುತ್ತದೆ. ಓದಿದ್ದು ತಾಳೆಯಾಗದಿದ್ದರೆ ಜೋಡಿ ಡಿಸ್ಕಿನಿಂದ ಸರಿಯಾದ ಪ್ರತಿ ತಂದು ಕೊಡುತ್ತದೆ, ಕೆಟ್ಟದ್ದನ್ನು ತಿದ್ದಿಯೂ ಬಿಡುತ್ತದೆ. ಇಷ್ಟು ಅಚ್ಚುಕಟ್ಟಾದ ಕೆಲಸ ಕಂಡಾಗ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಸನ್ನು ಮಾಡಿದ ಇನ್ನೊಂದು ಪುಣ್ಯದ ಕೆಲಸವೆಂದರೆ 2005ರಲ್ಲೇ ಓಪನ್‌ಸೊಲಾರಿಸ್ ಎಂದು ಸೋರ್ಸ್ ಕೋಡನ್ನು ಹೊರಗಿಟ್ಟದ್ದು. ಒರಾಕಲ್ 2010ರಲ್ಲಿ ಅದನ್ನು ನಿಲ್ಲಿಸಿತು. ಆದರೆ ಹೊರಬಂದ ಕೋಡನ್ನು ವಾಪಸ್ ಪಡೆಯುವವರು ಯಾರು? ಅದೇ ವರ್ಷ ಇಲ್ಯೂಮೋಸ್ ಯೋಜನೆ ಅದನ್ನು ಎತ್ತಿಕೊಂಡಿತು. ಡಿಟ್ರೇಸ್ ಅಷ್ಟರಲ್ಲಾಗಲೇ ಆಪಲ್‌ನ ಮ್ಯಾಕ್ ಸೇರಿತ್ತು. 2017ರಲ್ಲಿ ಸೊಲಾರಿಸ್ ತಂಡದ ಬಹುಪಾಲು ಜನ ಕೆಲಸ ಕಳೆದುಕೊಂಡರೆಂದು ಓದಿದಾಗ ಸಂಕಟವಾಯಿತು. ಆ ತಂಡದಲ್ಲಿ ಹುಟ್ಟಿದ ಝಡ್‌ಎಫ್‌ಎಸ್ ಮಾತ್ರ ಫ್ರೀಬಿಎಸ್‌ಡಿಯಲ್ಲೂ ಲಿನಕ್ಸಿನಲ್ಲೂ ಓಡುತ್ತಿದೆ. ಸೊಲಾರಿಸ್ ಹೆಸರೇ ಕೇಳದವರೂ ಮನೆಯ ಫೋಟೋಗಳನ್ನು ಅದರ ಮೇಲೆ ಕೂಡಿಡುತ್ತಿದ್ದಾರೆ.